ಕುಳಿಯೂ ಬೀಜವೂ

ಶಬ್ದವು ವಸ್ತುವಿಗೆ ದಾರಿಯಾಗಬೇಕು. ಒಮ್ಮೊಮ್ಮೆ ಅದೇ ಅಡ್ಡಗೋಡೆಯಾಗುವುದುಂಟು. 'ಬ್ಲ್ಯಾಕ್ ಹೋಲ್' ಎಂಬುದಕ್ಕೆ ಜಿ. ಟಿ. ನಾರಾಯಣರಾಯರಂಥ ಹಿರಿಯ ಲೇಖಕರು ಬಳಸಿದ 'ಕೃಷ್ಣವಿವರ'ವನ್ನೇ ನೋಡಿರಿ. ನಿಪ್ಪಾಣಿಯ ಮರಾಠಿ ಓದುಗನಿಗೂ ಅದೇ ಶಬ್ದ. ಅವನಿಗೆ ವಿವರವೆಂದರೆ ಇಂದಿಗೂ ಬಿಲವೇ. ಕನ್ನಡದಲ್ಲಿ ಆ ಅರ್ಥ ಸವೆದು, ವಿವರವೆಂದರೆ ತಪಶೀಲು ಎಂದಾಗಿದೆ. 'ಕಪ್ಪುಕುಳಿ' ಸುಲಭ, ನಿಜ. ಆದರೆ ಕುಳಿಯೆಂದರೆ ಬರಿದು. ಇದೋ, ದ್ರವ್ಯ ಕಿಕ್ಕಿರಿದು ಬೆಳಕನ್ನೂ ಹೊರಬಿಡದ ಕಾಯ.

ಹೆಸರಿನ ದೋಷ ವಿಚಾರಕ್ಕೂ ತಗಲುತ್ತದೆ. ಬರಿದಾದುದು ಬೆಳೆದದ್ದು ಹೇಗೆಂದು ಯಾರು ಕೇಳಿಯಾರು? ನಮ್ಮ ವಿಜ್ಞಾನ ಬರಹ ಅನೇಕ ವೇಳೆ ಬೆರಗನ್ನು ಎಣಿಸಿ, ಕಾರಣವನ್ನು ಬಿಟ್ಟುಬಿಡುತ್ತದೆ.

ಕೇಳಬೇಕಾದ ಪ್ರಶ್ನೆಯಾದರೂ ದೊಡ್ಡದು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. 2023ರಲ್ಲಿ ವರದಿಯಾದ ಯುಎಚ್‌ಝಡ್1 ಗೆಲಾಕ್ಸಿಯಿಂದ ಬೆಳಕು ಹೊರಟಾಗ ವಿಶ್ವಕ್ಕಿನ್ನೂ ಸುಮಾರು 47 ಕೋಟಿ. ಅಷ್ಟರಲ್ಲಿಯೇ ಅದರ ನಡುವೆ 1ರಿಂದ 10 ಕೋಟಿ ಸೂರ್ಯರ ತೂಕದ ಕುಳಿ!

ಖಗೋಲಜ್ಞರು ಇಲ್ಲಿ ಬೀಜದ ರೂಪಕವನ್ನು ತರುತ್ತಾರೆ. ಮೊದಲ ನಕ್ಷತ್ರಗಳು ಸತ್ತು ಉಳಿದುದು ನೂರು ಸೂರ್ಯರಷ್ಟಿನ ಹಗುರ ಬೀಜ. ನಿಪ್ಪಾಣಿಯ ತಂಬಾಕಿನ ಬೀಜವೂ ಧೂಳಿನಷ್ಟು. ಅದರಿಂದ ಎದೆಯೆತ್ತರದ ಗಿಡ ಬರುತ್ತದೆ, ಕಾಲ ಬೇಕು. ಕುಳಿಯೊಳಗೆ ಬೀಳುವ ಅನಿಲ ಕಾದು ಸೂಸುವ ಬೆಳಕೇ ಮುಂದಿನ ತುತ್ತನ್ನು ಹಿಂದಕ್ಕೆ ತಳ್ಳುತ್ತದೆ. ಈ ಮಿತಿಯನ್ನು ಮೀರಿ ಉಣ್ಣದಿದ್ದರೆ 47 ಕೋಟಿ ವರ್ಷ ಸಾಲದು.

ಚಿಕ್ಕೋಡಿ, ರಾಯಬಾಗಗಳಲ್ಲಿ ಕಬ್ಬು ಹಚ್ಚುವವನು ಕಾಳು ಬಿತ್ತುವುದಿಲ್ಲ. ಕಬ್ಬಿನ ತುಂಡನ್ನೇ ಊರುತ್ತಾನೆ. ಪ್ರಿಯಂವದಾ ನಟರಾಜನ್ ಮೊದಲಾದವರು ಹೇಳಿದ ಭಾರ ಬೀಜ ಅಂಥದು. ನೆರೆಯ ನಕ್ಷತ್ರಗಳ ಅತಿನೇರಳೆ ಬೆಳಕು ಜಲಜನಕದ ಅಣುಗಳನ್ನು ಒಡೆಯುತ್ತದೆ; ಮೋಡ ತಣಿಯದು, ಚೂರಾಗಿ ನಕ್ಷತ್ರಗಳಾಗದು; ಇಡಿಯಾಗಿ ಕುಸಿದು, 10 ಸಾವಿರದಿಂದ 1 ಲಕ್ಷ ಸೂರ್ಯರ ತೂಕದ ಕುಳಿಯಾಗುತ್ತದೆ. ಯುಎಚ್‌ಝಡ್1 ಈ ವಾದಕ್ಕೆ ಬಲ ಕೊಟ್ಟಿದೆ. ನಕ್ಷತ್ರಗಳಿಗೂ ಮೊದಲೇ, ವಿಶ್ವದ ದಟ್ಟ ಭಾಗಗಳು ಕುಸಿದು ಕುಳಿಗಳಾಗಿರಬಹುದೆಂದು ಹಾಕಿಂಗ್ 1971ರಲ್ಲಿ ವಾದಿಸಿದರು. ಅದಕ್ಕೆ ಖಚಿತ ಸಾಕ್ಷ್ಯ ಇನ್ನೂ ದೊರೆತಿಲ್ಲ.

ಬೀಜದ ರೂಪಕವೂ ಪೂರ್ಣವಲ್ಲ. ಕಬ್ಬಿನ ತುಂಡಿಗೆ ಕಣ್ಣುಂಟು, ಕುಳಿಗಿಲ್ಲ; ಕಬ್ಬು ಚಿಗುರಿ ಬೆಳೆದರೆ ಕುಳಿ ಕಬಳಿಸಿ ಬೆಳೆಯುತ್ತದೆ. ಆದರೂ 'ಕುಳಿ' ಮುಚ್ಚಿಟ್ಟ ಪ್ರಶ್ನೆಯನ್ನು 'ಬೀಜ' ಎತ್ತಿಕೊಡುತ್ತದೆ. ಅಥಣಿಯ ಹುಡುಗನೊಬ್ಬ ಓದಿ, "ಅಬ್ಬಾ!" ಎನ್ನದೆ, "ಅಷ್ಟು ಬೇಗ ಹೆಂಗ್ರೀ ಸರ?" ಎಂದು ಕೇಳಿದರೆ ಆ ಬರಹ ಗೆದ್ದಿತು.