ಜೇಡರ ಬಲೆ ಮತ್ತು ದಣಿಯದ ಗೂಢಚಾರ

1968ರಲ್ಲಿ ತೆರೆಕಂಡ ‘ಜೇಡರ ಬಲೆ’ ಕನ್ನಡದಲ್ಲಿ ಗೂಢಚಾರಿ ಚಿತ್ರಗಳ ಪರಂಪರೆಯೊಂದನ್ನು ಆರಂಭಿಸಿತು. ಜೇಮ್ಸ್ ಬಾಂಡ್ ಚಿತ್ರಗಳಿಂದ ಪ್ರೇರಿತರಾದ ದೊರೈ-ಭಗವಾನ್ ಜೋಡಿಯು ಇದನ್ನು ನಿರ್ದೇಶಿಸಿತು. ರಾಜಕುಮಾರ್ ಅವರು ಪ್ರಕಾಶ್ ಎಂಬ ಸಿ.ಐ.ಡಿ. 999ರ ಪಾತ್ರವನ್ನು ವಹಿಸಿದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಬಾಂಡ್ ಚಿತ್ರಗಳ ವೆಚ್ಚದ ಮುಂದೆ ಇವುಗಳ ಬಂಡವಾಳ ಅತ್ಯಲ್ಪ. ಆದರೂ ಜನರು ಇವನ್ನು ಮನಸಾರೆ ಮೆಚ್ಚಿದರು. ದೈವಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಈ ಚಿತ್ರಗಳಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಗೂಢಚಾರನು ಏಕೆ ದಣಿಯುವುದಿಲ್ಲ?

ಮೊದಲು ಚಿತ್ರದ ಗುಣವನ್ನು ಹೇಳುವುದು ನ್ಯಾಯ. ಇತರ ಲೋಹಗಳನ್ನು ಚಿನ್ನವಾಗಿಸುವ ಸೂತ್ರವನ್ನು ವಿಜ್ಞಾನಿಯೊಬ್ಬನು ಕಂಡುಹಿಡಿಯುತ್ತಾನೆ. ಅದಕ್ಕಾಗಿ ದುಷ್ಟಕೂಟವೊಂದು ಹೊಂಚುಹಾಕುತ್ತದೆ. ಅದನ್ನು ಭೇದಿಸಲು 999 ಹೊರಡುತ್ತಾನೆ. ಕಪ್ಪು-ಬಿಳುಪಿನ ಛಾಯಾಗ್ರಹಣ, ಜಿ. ಕೆ. ವೆಂಕಟೇಶ್ ಅವರ ಸಂಗೀತ ಮತ್ತು ನಾಯಕನ ಲವಲವಿಕೆಗಳು ಕಡಿಮೆ ಸಾಮಗ್ರಿಯಲ್ಲೇ ಚಿತ್ರವನ್ನು ಎತ್ತಿ ಹಿಡಿಯುತ್ತವೆ. ಅದಕ್ಕೂ ಮಿಗಿಲಾಗಿ, ಪ್ರೇಕ್ಷಕರು ಈ ಮುಖವನ್ನು ‘ಬೇಡರ ಕಣ್ಣಪ್ಪ’ನಲ್ಲಿ, ‘ಭಕ್ತ ಕನಕದಾಸ’ನಲ್ಲಿ ಕಂಡಿದ್ದರು. ಭಕ್ತನ ಮುಖವೇ ಈಗ ಗೂಢಚಾರನ ಮುಖವಾಯಿತು. ಆದುದರಿಂದ ಅವನು ಏನು ಮಾಡಿದರೂ ಅದು ಧರ್ಮವೇ ಎಂಬ ಭರವಸೆ ಕಥೆಗೆ ಮುಂಚೆಯೇ ದೊರೆತಿತ್ತು. ಚಿತ್ರದ ಬಲವೂ ಇದೇ, ದೌರ್ಬಲ್ಯವೂ ಇದೇ.

ಗುರುತನ್ನು ಮರೆಮಾಡಿ, ನಂಬಿಸಿ, ಒಳಹೊಕ್ಕು ಗುಟ್ಟು ತೆಗೆಯುವುದು ಗೂಢಚಾರನ ಕಸುಬು. ಅಂದರೆ ಸುಳ್ಳೇ ಅವನ ಉಪಕರಣ. 999ರ ಲೋಕದಲ್ಲಿ ಈ ಸುಳ್ಳು ಒಂದು ಆಟ. ಆಟ ಮುಗಿದೊಡನೆ ಅವನು ನಗುತ್ತಾ ಎದ್ದು ನಡೆಯುತ್ತಾನೆ. ಚಿನ್ನದ ಆಸೆ ಪಾಪಕ್ಕೆ ಬೀಜವೆಂದು ಚಿತ್ರವು ಸರಿಯಾಗಿಯೇ ಕಂಡಿದೆ. ಆದರೆ ಆ ಆಸೆಯನ್ನೆಲ್ಲ ಖಳರ ಮೇಲೆ ಹೊರಿಸಿ, ಕಾಯುವವನ ಕೈಯನ್ನು ತೊಳೆದಿಡುತ್ತದೆ. ಆ ಸೂತ್ರವು ಯಾರ ವಶದಲ್ಲಿದ್ದರೆ ಲೋಕಕ್ಕೆ ಕ್ಷೇಮ ಎಂಬುದನ್ನು ವಿಚಾರಿಸುವ ಗೋಜಿಗೆ ಅದು ಹೋಗುವುದಿಲ್ಲ.

ಇದಕ್ಕೆ ಮೂರು ವರ್ಷ ಮುಂಚೆ, 1965ರಲ್ಲಿ, ಜಾನ್ ಲೆ ಕಾರೆ ಅವರ ಕಾದಂಬರಿಯನ್ನಾಧರಿಸಿ ಮಾರ್ಟಿನ್ ರಿಟ್ ಅವರು ‘ದಿ ಸ್ಪೈ ಹೂ ಕೇಮ್ ಇನ್ ಫ್ರಂ ದಿ ಕೋಲ್ಡ್’ ಚಿತ್ರವನ್ನು ನಿರ್ದೇಶಿಸಿದ್ದರು. ಅದೂ ಕಪ್ಪು-ಬಿಳುಪಿನದೇ. ಅದರ ಗೂಢಚಾರ ಲೀಮಸ್ ದಣಿದ ಮನುಷ್ಯ. ತನ್ನ ಪಕ್ಷದವರೇ ತನ್ನನ್ನೂ ತಾನು ಪ್ರೀತಿಸಿದ ಹೆಣ್ಣನ್ನೂ ದಾಳಗಳಾಗಿ ಬಳಸಿದರೆಂದು ಅವನಿಗೆ ಕೊನೆಯಲ್ಲಿ ತಿಳಿಯುತ್ತದೆ. ಬರ್ಲಿನ್ ಗೋಡೆಯ ಮೇಲೆ ನಿಂತು, ಪಾರಾಗುವ ಅವಕಾಶವಿದ್ದರೂ, ಗುಂಡೇಟಿಗೆ ಸತ್ತುಬಿದ್ದ ಅವಳ ಬಳಿಗೆ ಅವನು ಇಳಿದು ಹೋಗಿ ತಾನೂ ಸಾಯುತ್ತಾನೆ. ಅವನ ದಣಿವು ಕೇವಲ ಜುಗುಪ್ಸೆಯಲ್ಲ. ಇನ್ನೂ ಸಾಯದೆ ಉಳಿದ ಮನಸ್ಸಾಕ್ಷಿಯ ನೋವು. ಆ ನೋವಿದ್ದುದರಿಂದಲೇ ಅವನು ಕಡೆಯ ಗಳಿಗೆಯಲ್ಲಿ ಪ್ರೀತಿಯ ಕಡೆಗೆ ತಿರುಗಲು ಶಕ್ತನಾದನು.

ಇಂಥ ದಣಿದ ಮನುಷ್ಯನನ್ನು ನೋಡುವ ಕಣ್ಣು ಕನ್ನಡಕ್ಕೆ ಇರಲಿಲ್ಲವೆನ್ನುವಂತಿಲ್ಲ. ಸಾವಿರ ವರ್ಷಗಳ ಹಿಂದೆಯೇ ಮುಧೋಳ ಸೀಮೆಯ ರನ್ನ ಕವಿಯು ತನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆಸಿದನು. ತನ್ನ ಹಟಕ್ಕೆ ಬಲಿಯಾದ ಗುರುವನ್ನೂ ತಮ್ಮನನ್ನೂ ಗೆಳೆಯನನ್ನೂ ಅವನು ಅಲ್ಲಿ ಕಾಣುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯಕ್ಕೂ ತಲೆಬಾಗುತ್ತಾನೆ. ರನ್ನನು ಅವನ ತಪ್ಪನ್ನು ಮುಚ್ಚಲಿಲ್ಲ, ಆದರೆ ಆ ದಣಿವಿನಲ್ಲಿದ್ದ ಮನುಷ್ಯನನ್ನು ಕೈಬಿಡಲೂ ಇಲ್ಲ. 999ರ ಚಿತ್ರಗಳು ಇಂಥ ನಡಿಗೆಗೆ ಎಡೆಕೊಡಲಿಲ್ಲ.

ಚಿತ್ರದ ಹೆಸರಿನಲ್ಲಿಯೇ ಒಂದು ಪಾಠವಿದೆ. ಕನ್ನಡದಲ್ಲಿ ‘ಜೇಡ’ ಎಂದರೆ ಬಲೆ ನೇಯುವ ಹುಳುವೂ ಹೌದು, ಬಟ್ಟೆ ನೇಯುವವನೂ ಹೌದು. ಜೇಡರ ದಾಸಿಮಯ್ಯನ ಹೆಸರು ಇದಕ್ಕೆ ಸಾಕ್ಷಿ. ಮಗ್ಗವನ್ನೇ ನಂಬಿ ಬಾಳಿದ ರಬಕವಿ-ಬನಹಟ್ಟಿಯ ಓದುಗರಿಗೆ ಈ ಎರಡು ಅರ್ಥಗಳ ಅಂತರವನ್ನು ವಿವರಿಸಬೇಕಾಗಿಲ್ಲ. ಎರಡೂ ನೂಲಿನ ಕೆಲಸವೇ. ಒಂದು ಮೈಯನ್ನು ಮುಚ್ಚುತ್ತದೆ, ಇನ್ನೊಂದು ಜೀವವನ್ನು ಹಿಡಿಯುತ್ತದೆ. ಯೆಶಾಯನ ಗ್ರಂಥದ 59ನೆಯ ಅಧ್ಯಾಯದಲ್ಲಿ ಪ್ರವಾದಿಯು ಇದೇ ಹೋಲಿಕೆಯನ್ನು ಬಳಸಿ, ಅನ್ಯಾಯಗಾರರು ಜೇಡನಂತೆ ನೇಯ್ದದ್ದು ಯಾರಿಗೂ ಉಡುಪಾಗಲಾರದೆಂದು ಎಚ್ಚರಿಸುತ್ತಾನೆ. ಚಿತ್ರವು ಬಲೆಯನ್ನು ಖಳರದೆಂದು ಮಾತ್ರ ತಿಳಿಯುತ್ತದೆ. ಬಲೆಯನ್ನು ಹರಿಯಲು ಬಂದವನೂ ಬಲೆಯನ್ನೇ ನೇಯುತ್ತಾನಲ್ಲವೇ? ಆ ನೂಲು ಅವನ ಕೈಗೆ ಅಂಟುವುದಿಲ್ಲವೇ?

ಸತ್ಯವೇದವು ಗೂಢಚಾರರ ಕಥೆಯನ್ನು ಮರೆಮಾಚುವುದಿಲ್ಲ. ಯೆಹೋಶುವನ ಗ್ರಂಥದ 2ನೆಯ ಅಧ್ಯಾಯದಲ್ಲಿ ರಾಹಾಬಳು ಇಬ್ಬರು ಗೂಢಚಾರರನ್ನು ಮಾಳಿಗೆಯ ಮೇಲೆ ನಾರುಕಡ್ಡಿಗಳ ನಡುವೆ ಅಡಗಿಸಿ, ಅರಸನ ಆಳುಗಳಿಗೆ ಸುಳ್ಳು ಹೇಳಿದಳು. ಹೊಸ ಒಡಂಬಡಿಕೆಯು ಅವಳನ್ನು ಎರಡು ಸಾರಿ ಹೊಗಳುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆ ಅವಳ ನಂಬಿಕೆಯನ್ನೂ ಯಾಕೋಬನ ಪತ್ರಿಕೆ ಅವಳ ಕ್ರಿಯೆಯನ್ನೂ ಎತ್ತಿ ತೋರಿಸುತ್ತವೆ. ಆಡಿದ ಸುಳ್ಳನ್ನು ಎರಡೂ ಹೆಸರಿಸುವುದಿಲ್ಲ. ಈ ಮೌನವನ್ನು ಅಗಸ್ಟೀನನು ಸೂಕ್ಷ್ಮವಾಗಿ ಓದಿದನು. ಅವನ ಕಾಲದಲ್ಲಿ ಕೊನ್ಸೆಂಟಿಯಸ್ ಎಂಬವನು, ಪ್ರಿಸಿಲಿಯನ್ ಪಂಥದವರನ್ನು ಹಿಡಿಯಲು ನಾವೂ ಅವರಂತೆ ನಟಿಸಿ ಒಳಹೊಗಬಹುದೇ ಎಂದು ವಿಚಾರಿಸಿದನು. ಸಭೆಯೊಳಗೆ ಗೂಢಚಾರಿಕೆ ನಡೆಸಬಹುದೇ ಎಂಬುದೇ ಆ ಪ್ರಶ್ನೆಯ ತಿರುಳು. ಸುಮಾರು 420ರಲ್ಲಿ ಬರೆದ ‘ಸುಳ್ಳಿನ ವಿರುದ್ಧ’ ಎಂಬ ಕೃತಿಯಲ್ಲಿ ಅಗಸ್ಟೀನನು ಕೂಡದೆಂದು ಉತ್ತರಿಸಿದನು. ದೇವರು ರಾಹಾಬಳಲ್ಲಿ ಮೆಚ್ಚಿದ್ದು ದಯೆಯನ್ನು, ಸುಳ್ಳನ್ನಲ್ಲ. ಸುಳ್ಳುಗಾರರನ್ನು ಹಿಡಿಯಲು ನಾವೇ ಸುಳ್ಳಾಡಿದರೆ ಮುಂದೆ ನಮ್ಮ ಸಾಕ್ಷಿಯನ್ನು ನಂಬುವವರಾರು ಎಂಬುದು ಅವನ ವಾದದ ಸಾರ.

ಅಗಸ್ಟೀನನ ಕಟ್ಟಳೆಯನ್ನು ಒಪ್ಪುವವರೂ ಇಪ್ಪತ್ತನೆಯ ಶತಮಾನದ ಒಬ್ಬ ಸಭಾಪಾಲಕನ ಮುಂದೆ ತಡೆದು ನಿಲ್ಲಬೇಕಾಗುತ್ತದೆ. ಡೀಟ್ರಿಕ್ ಬಾನ್‌ಹಾಫರ್ ಜರ್ಮನಿಯ ಸೇನಾ ಗುಪ್ತಚರ ಇಲಾಖೆಯಲ್ಲಿ ಹೆಸರಿಗೆ ಕೆಲಸಕ್ಕಿದ್ದು, ಒಳಗಿಂದೊಳಗೆ ಹಿಟ್ಲರನ ವಿರೋಧಿಗಳ ದೂತನಾಗಿದ್ದನು. 1942ರಲ್ಲಿ ಸ್ವೀಡನ್ನಿಗೆ ಹೋಗಿ ಬಿಷಪ್ ಜಾರ್ಜ್ ಬೆಲ್ ಅವರಿಗೆ ಆ ಗುಂಪಿನ ಸಂದೇಶವನ್ನು ತಲುಪಿಸಿದನು. ಆ ವರ್ಷದ ಕೊನೆಯಲ್ಲಿ ಗೆಳೆಯರಿಗಾಗಿ ಬರೆದ ಪ್ರಬಂಧದಲ್ಲಿ, ಮರೆಮಾಚುವುದನ್ನೂ ಇಬ್ಬಗೆಯಾಗಿ ಮಾತಾಡುವುದನ್ನೂ ಕಲಿತು ಸವೆದುಹೋದ ನಾವು ಇನ್ನು ಯಾವ ಪ್ರಯೋಜನಕ್ಕೆ ಬರುವೆವೆಂದು ಕೇಳಿಕೊಂಡನು. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಲಾಯಿತು. ಅವನು ತನ್ನ ಸುಳ್ಳನ್ನು ಸದ್ಗುಣವೆನ್ನಲಿಲ್ಲ. ನೆರೆಯವನಿಗಾಗಿ ಅಪರಾಧವನ್ನು ಹೊತ್ತುಕೊಂಡು, ತೀರ್ಪನ್ನು ದೇವರ ಕೃಪೆಗೆ ಬಿಟ್ಟನು.

ಹೀಗೆ ನಮ್ಮ ಮುಂದೆ ಎರಡು ಬಗೆಯ ಗೂಢಚಾರರಿದ್ದಾರೆ. ಒಬ್ಬನು ತನ್ನ ಉದ್ದೇಶ ಒಳ್ಳೆಯದಾದುದರಿಂದ ತನ್ನ ಸಾಧನವೂ ಶುದ್ಧವೆಂದು ನಂಬಿ ಉತ್ಸಾಹದಿಂದಿದ್ದಾನೆ. ಇನ್ನೊಬ್ಬನು ದಣಿದಿದ್ದಾನೆ, ಏಕೆಂದರೆ ಸುಳ್ಳಿನ ಬೆಲೆ ಅವನಿಗೆ ಗೊತ್ತು. ದಣಿವೇ ಮಾನಸಾಂತರವಲ್ಲ, ದಣಿದು ಕಲ್ಲಾದವರೂ ಇದ್ದಾರೆ. ಆದರೆ ದಣಿವೇ ಇಲ್ಲದವನಿಗೆ ಮಾನಸಾಂತರದ ಬಾಗಿಲು ಕಾಣುವುದೇ ಇಲ್ಲ.

ಈ ಮಾತು ನಮ್ಮ ಸೇವೆಗೂ ತಟ್ಟುತ್ತದೆ. ಜಮಖಂಡಿಯಲ್ಲಾಗಲಿ ಬೀಳಗಿಯಲ್ಲಾಗಲಿ, ಸಣ್ಣ ಸಭೆಯೊಂದನ್ನು ಕಾಯುವ ಸಭಾಪಾಲಕನು ಹಲವರ ಗುಟ್ಟುಗಳನ್ನು ಹೊತ್ತವನು. ಗುಟ್ಟು ಕಾಯುವುದು ಸುಳ್ಳಲ್ಲ. ಆದರೆ ವರದಿಯಲ್ಲಿ ಲೆಕ್ಕವನ್ನು ಹಿಗ್ಗಿಸುವಾಗ, ಸಭೆಯ ಮಾನ ಉಳಿಸಲೆಂದು ನೊಂದವರ ಬಾಯಿ ಮುಚ್ಚಿಸುವಾಗ, ‘ದೇವರ ಕೆಲಸಕ್ಕಾಗಿ’ ಎಂಬ ಮಾತು ಬಲು ಸುಲಭವಾಗಿ ನಾಲಗೆಗೆ ಬರುತ್ತದೆ. ಆಗ ನಾವೂ 999ರಂತೆ ನಮ್ಮ ಮುಖದ ಮೇಲಿನ ಭಕ್ತನ ಕಳೆಯನ್ನೇ ನೆಚ್ಚಿಕೊಳ್ಳುತ್ತೇವೆ. ಅಂಥ ಹೊತ್ತಿನಲ್ಲಿ ಒಳಗೆ ಬಳಲಿಕೆ ಕಂಡರೆ ಅದನ್ನು ಚುರುಕುತನದಿಂದ ಮುಚ್ಚದೆ, ಅರಿಕೆಯ ಪ್ರಾರ್ಥನೆಗೆ ತರುವುದು ಲೇಸು.

‘ಜೇಡರ ಬಲೆ’ಯನ್ನು ಮನರಂಜನೆಯಾಗಿ ನೋಡಿ ಸಂತೋಷಪಡುವುದರಲ್ಲಿ ದೋಷವಿಲ್ಲ. ಅಲ್ಪ ಬಂಡವಾಳದಲ್ಲಿ ಅಷ್ಟು ಹುರುಪನ್ನು ತಂದವರು ಗೌರವಕ್ಕೆ ಪಾತ್ರರು. ಅದರ ನಾಯಕನನ್ನು ಮಾತ್ರ ನಾವು ಮಾದರಿಯಾಗಿ ಇಟ್ಟುಕೊಳ್ಳಲಾಗದು. ಅವನು ಬಲೆಯಿಂದ ಹೊರಬರುವುದನ್ನು ಚಿತ್ರ ತೋರಿಸುತ್ತದೆ. ಬಲೆಯು ಅವನಿಂದ ಬಿಟ್ಟುಹೋಯಿತೇ ಎಂಬುದನ್ನು ತೋರಿಸುವುದಿಲ್ಲ.