ಗಾಂಧರ್ವ ಮಹಾವಿದ್ಯಾಲಯವೂ ಅದರ ಫಲವೂ

ಸಂಗೀತಶಾಲೆಯ ಯೋಗ್ಯತೆಯನ್ನು ಅದರಿಂದ ಹೊರಬಿದ್ದ ಗವಾಯಿಗಳ ಸಂಖ್ಯೆಯಿಂದ ಅಳೆಯುವ ವಾಡಿಕೆಯುಂಟು. ವಿಷ್ಣು ದಿಗಂಬರ ಪಲೂಸ್ಕರರು 1901ರಲ್ಲಿ ಲಾಹೋರಿನಲ್ಲಿ ಸ್ಥಾಪಿಸಿದ ಗಾಂಧರ್ವ ಮಹಾವಿದ್ಯಾಲಯಕ್ಕೆ ಈ ಅಳತೆಗೋಲು ಸಾಲದು.

ಮಿರಜದಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಸೇವೆಮಾಡಿ ವಿದ್ಯೆಯನ್ನು ಪಡೆದ ಪಲೂಸ್ಕರರು ಅದನ್ನು ಗುರುಗೃಹದಿಂದ ಪಾಠಶಾಲೆಗೆ ತಂದರು. ರಾಜಾಶ್ರಯವನ್ನು ಬಿಟ್ಟು ಜನರ ದ್ರವ್ಯಸಹಾಯವನ್ನು ನಂಬಿದರು. ಸ್ವರಲಿಪಿಯನ್ನು ರೂಪಿಸಿ ಪಾಠಪುಸ್ತಕಗಳನ್ನು ಅಚ್ಚುಹಾಕಿಸಿದರು. 1908ರಲ್ಲಿ ಮುಂಬಯಿಯಲ್ಲಿಯೂ ವಿದ್ಯಾಲಯವು ತೆರೆಯಿತು. ಮುಂದೆ ಸಾಲದ ಹೊರೆಯಿಂದ ಅಲ್ಲಿಯ ಕಟ್ಟಡವು ಕೈಬಿಟ್ಟಿತು. ಆದರೂ 1931ರಲ್ಲಿ, ಅವರು ತೀರಿಕೊಂಡ ವರ್ಷವೇ, ಶಿಷ್ಯರು ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಕಟ್ಟಿ ಕಾರ್ಯವನ್ನು ಮುಂದುವರಿಸಿದರು.

ಗಂಟೆಯ ಲೆಕ್ಕದ ಪಾಠದಿಂದ ರಾಗದ ಜೀವವು ಕೈಸೇರದೆಂಬ ಆಕ್ಷೇಪವು ಸುಳ್ಳಲ್ಲ. ಲಿಪಿಯು ಸ್ವರದ ಸ್ಥಾನವನ್ನು ಹೇಳೀತು. ಮೀಂಡಿನ ಬಳುಕನ್ನು ಹೇಳಲಾರದು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ಬಾಲ್ಯದಲ್ಲಿಯೇ ತಮ್ಮ ಗಾನದಿಂದ ಸಭೆಗಳನ್ನು ಬೆರಗುಗೊಳಿಸಿದವರು. ಆ ಪ್ರತಿಭೆಯು ಯಾವ ಶಾಲೆಯೂ ಕೊಟ್ಟುದಲ್ಲ. ಆದರೆ ಅದಕ್ಕೆ ಶಿಕ್ಷಣದ ಸಂಸ್ಕಾರವನ್ನಿತ್ತವರು ಮುಂಬಯಿಯಲ್ಲಿ ಸಂಗೀತಶಾಲೆಯನ್ನು ನಡೆಸುತ್ತಿದ್ದ ಬಿ. ಆರ್. ದೇವಧರರು, ಅವರು ಪಲೂಸ್ಕರರ ಶಿಷ್ಯರೇ.

ವಿದ್ಯಾಲಯವು ಪ್ರತಿಭೆಯನ್ನು ಹುಟ್ಟಿಸಲಾರದು. ಅದು ಬಂದಾಗ ಬರಮಾಡಿಕೊಳ್ಳಲು ಮನೆಯೊಂದನ್ನು ಅಣಿಮಾಡಬಲ್ಲದು. ಸಂಗೀತವು ಮರ್ಯಾದಸ್ಥರಿಗೆ ತಕ್ಕುದಲ್ಲವೆಂದು ಹಿಂಜರಿಯುತ್ತಿದ್ದ ಗೃಹಸ್ಥರು ಮಕ್ಕಳ ಕೈಗೆ ತಂಬೂರಿಯನ್ನು ಕೊಡುವಂತಾದುದು ಇಂತಹ ಶಾಲೆಗಳಿಂದ. ಅಲ್ಲಿ ಕಲಿತವರಲ್ಲಿ ಗಾಯಕರಾದವರು ಕೆಲವರೇ. ಕೇಳುವ ಕಿವಿಯುಳ್ಳವರಾದವರು ಬಹುಮಂದಿ. ಅರಸರ ಆಶ್ರಯವು ಅಳಿದ ಮೇಲೆ ಸಂಗೀತವನ್ನು ಉಳಿಸಿದವರು ಈ ಶ್ರೋತೃಗಳು. ಪಲೂಸ್ಕರರ ವಿದ್ಯಾಲಯದ ನಿಜವಾದ ಫಲವನ್ನು ಅವರಲ್ಲಿ ಕಾಣಬೇಕು.