ಲವಣ ಮಿಶ್ರಣದ ಪೊಟ್ಟಣದಲ್ಲಿ ಎಷ್ಟು ವಿಜ್ಞಾನ?

1907ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೃಷಿ ಪ್ರಯೋಗ ಕೇಂದ್ರದಲ್ಲಿ 16 ಕಡಸುಗಳನ್ನು ನಾಲ್ಕು ನಾಲ್ಕರಂತೆ ವಿಂಗಡಿಸಿ ಕಟ್ಟಿದರು. ಒಂದು ಗುಂಪಿಗೆ ಮುಸುಕಿನ ಜೋಳದ ಕಾಳು, ಎಲೆ, ದಂಟು ಬಿಟ್ಟರೆ ಬೇರೇನೂ ಇಲ್ಲ. ಇನ್ನೊಂದಕ್ಕೆ ಗೋಧಿ ಗಿಡವೇ ಎಲ್ಲ, ಮತ್ತೊಂದಕ್ಕೆ ಓಟ್ಸ್, ಕೊನೆಯದಕ್ಕೆ ಮೂರನ್ನೂ ಬೆರೆಸಿದ ಮೇವು. ಅಂದಿನ ರಸಾಯನಶಾಸ್ತ್ರಕ್ಕೆ ತಿಳಿದಿದ್ದ ಲೆಕ್ಕದಲ್ಲಿ ನಾಲ್ಕೂ ಸಮ. ಪ್ರೋಟೀನು, ಪಿಷ್ಟ, ಕೊಬ್ಬು ಎಲ್ಲವನ್ನೂ ತೂಗಿ ಹೊಂದಿಸಿದ್ದರು. ಕಾಗದದ ಮೇಲೆ ಸಮವಾಗಿದ್ದದ್ದು ಹಸು ಈಯುವ ಹೊತ್ತಿಗೆ ಸಮವಾಗಿ ಉಳಿಯಲಿಲ್ಲ. ಜೋಳ ತಿಂದ ಹಸುಗಳ ಮೈ ಮಿರುಗುತ್ತಿತ್ತು. ಅವುಗಳ ಕರುಗಳು ದಿನ ತುಂಬಿ ಹುಟ್ಟಿ ಎದ್ದು ನಿಂತವು. ಗೋಧಿ ತಿಂದವುಗಳ ಕರುಗಳು ದಿನ ತುಂಬುವ ಮೊದಲೇ ಬಿದ್ದವು. ಕೆಲವು ಸತ್ತೇ ಹುಟ್ಟಿದವು, ಉಳಿದವು ಬಹುಬೇಗ ಸತ್ತವು. ಲೆಕ್ಕದಲ್ಲಿ ಸಮವಾದ ಮೇವು ಹಸುವಿಗೂ ಸಮವೇ ಎಂಬ ಪ್ರಶ್ನೆಯನ್ನು ವರ್ಷಗಟ್ಟಲೆ ತಲೆಯಲ್ಲಿ ಇಟ್ಟುಕೊಂಡಿದ್ದವರು ಸ್ಟೀಫನ್ ಬ್ಯಾಬ್‌ಕಾಕ್, ಹಾಲಿನ ಕೊಬ್ಬನ್ನು ಅಳೆಯುವ ಪರೀಕ್ಷೆ ಕಂಡುಹಿಡಿದವರು. ಪ್ರಯೋಗವನ್ನು ನಡೆಸಿ 1911ರಲ್ಲಿ ವರದಿ ಕೊಟ್ಟವರು ಹಾರ್ಟ್, ಹಂಫ್ರಿ, ಮೆಕಾಲಮ್ ಮತ್ತು ಸ್ಟೀನ್‌ಬಾಕ್.

ಇಂದಿನ ಯಾವ ಸಂಶೋಧನಾ ಪತ್ರಿಕೆಯೂ ಈ ಪ್ರಯೋಗವನ್ನು ಸುಲಭವಾಗಿ ಒಪ್ಪಲಿಕ್ಕಿಲ್ಲ. ಗುಂಪಿಗೆ ನಾಲ್ಕೇ ಪ್ರಾಣಿ. ಒಂದೇ ಅಂಶವನ್ನು ಬದಲಿಸುವ ಬದಲು ಇಡೀ ಗಿಡವನ್ನೇ ಬದಲಿಸಿದ್ದಾರೆ. ಗೋಧಿ ಹುಲ್ಲಿನಲ್ಲಿ ಕ್ಯಾಲ್ಸಿಯಂ ಕಡಿಮೆ, ಎ ಜೀವಸತ್ವವಾಗಿ ಮಾರ್ಪಡುವ ಕ್ಯಾರೊಟಿನ್ ಕೂಡ ಕಡಿಮೆ. ಕರುಗಳನ್ನು ಕೊಂದದ್ದು ಇವೆರಡರಲ್ಲಿ ಯಾವುದು ಎಂದು ಹೇಳುವ ಶಕ್ತಿ ಈ ವಿನ್ಯಾಸಕ್ಕೆ ಇರಲಿಲ್ಲ. ಆದರೂ ಪಶು ಆಹಾರ ಸಂಶೋಧನೆಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಕೆಲಸ ನನಗೆ ಕಂಡಿಲ್ಲ. ಕೋಷ್ಟಕ ಸಾಕು ಎಂದದ್ದನ್ನು ಅವರು ಹಸುವಿನ ಮುಂದೆ ಇಟ್ಟರು, ತೀರ್ಪನ್ನು ಕರುವಿನ ಕಾಲಿಗೆ ಬಿಟ್ಟರು. ಅಲ್ಲಿ ಸಿಗದ ಕಾರಣವನ್ನು ಹುಡುಕಲು ಮೆಕಾಲಮ್ ಇಲಿಗಳ ಕಡೆಗೆ ತಿರುಗಿ, ಮಾರ್ಗರೀಟ್ ಡೇವಿಸ್ ಜೊತೆ 1913ರಲ್ಲಿ ಕೊಬ್ಬಿನಲ್ಲಿ ಕರಗುವ ಅಂಶವೊಂದನ್ನು ಗುರುತಿಸಿದರು. ಎ ಜೀವಸತ್ವದ ಕಥೆ ಶುರುವಾದದ್ದು ಹಾಗೆ.

ಇದೇ ಜಾತಿಯ ಇನ್ನೊಂದು ಕೆಲಸ ಆಸ್ಟ್ರೇಲಿಯಾದ್ದು. ಪಶ್ಚಿಮ ಆಸ್ಟ್ರೇಲಿಯಾದ ಡೆನ್ಮಾರ್ಕ್ ಎಂಬ ಊರಿನ ಸುತ್ತ ದನ, ಕುರಿಗಳು ಹಸಿರು ಹುಲ್ಲಿನ ನಡುವೆಯೇ ಬಡಕಲಾಗಿ ಸಾಯುತ್ತಿದ್ದವು. ರಕ್ತಹೀನತೆ ಕಾಣುತ್ತಿತ್ತು, ಲಿಮೊನೈಟ್ ಎಂಬ ಕಬ್ಬಿಣದ ಅದಿರನ್ನು ಪುಡಿ ಮಾಡಿ ತಿನ್ನಿಸಿದರೆ ಚೇತರಿಸಿಕೊಳ್ಳುತ್ತಿದ್ದವು. ನ್ಯೂಜಿಲೆಂಡಿನಲ್ಲೂ ಇಂಥದೇ ಕಾಯಿಲೆಗೆ ಇದೇ ಮದ್ದು. ಹಾಗಾದರೆ ಕಬ್ಬಿಣದ ಕೊರತೆ ಎಂದು ಯಾರಾದರೂ ಕಡತ ಮುಚ್ಚಿಬಿಡುತ್ತಿದ್ದರು. ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರಾದ ಫಿಲ್ಮರ್ ಮತ್ತು ಅಂಡರ್‌ವುಡ್ ಮುಚ್ಚಲಿಲ್ಲ. ವಾಸಿ ಮಾಡಲು ಬೇಕಾಗುತ್ತಿದ್ದ ಅದಿರಿನ ಪ್ರಮಾಣ ಕಬ್ಬಿಣದ ಲೆಕ್ಕಕ್ಕೆ ಕೂಡಿಬರಲಿಲ್ಲ. ಅದಿರಿನಿಂದ ಕಬ್ಬಿಣವನ್ನು ತೆಗೆದುಹಾಕಿ ಉಳಿದ ಸಾರವನ್ನಷ್ಟೇ ಕುಡಿಸಿದರು. ಪ್ರಾಣಿಗಳು ಆಗಲೂ ವಾಸಿಯಾದವು. 1935ರ ಹೊತ್ತಿಗೆ ಅವರೂ, ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕರಾವಳಿಯ ಕುರಿಗಳ ಮೇಲೆ ಬೇರೆಯಾಗಿ ಕೆಲಸ ಮಾಡುತ್ತಿದ್ದ ಮಾರ್ಸ್ಟನ್ ಮತ್ತು ಲೈನ್ಸ್ ಕೂಡ ಬಂದು ಮುಟ್ಟಿದ್ದು ಕೋಬಾಲ್ಟ್‌ಗೆ. ಕುರಿಯೊಂದಕ್ಕೆ ದಿನಕ್ಕೆ ಬೇಕಾದದ್ದು ಸುಮಾರು 0.1 ಮಿಲಿಗ್ರಾಂ. ಅಷ್ಟು ಅಲ್ಪ ಪ್ರಮಾಣ ಏಕೆ ಸಾಕು ಎಂಬುದು ತಿಳಿಯಲು 1948ರವರೆಗೆ ಕಾಯಬೇಕಾಯಿತು. ಆ ವರ್ಷ ಬೇರ್ಪಡಿಸಿದ ಬಿ12 ಜೀವಸತ್ವದ ಒಡಲಲ್ಲಿ ಕೋಬಾಲ್ಟ್ ಇತ್ತು. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಬಳಸಿ ಬಿ12 ತಯಾರಿಸುತ್ತವೆ, ಪ್ರಾಣಿ ಅದನ್ನು ಪಡೆಯುತ್ತದೆ. ಮದ್ದು ಸರಿಯಾಗಿದ್ದಾಗಲೂ ಕಾರಣವನ್ನು ಅನುಮಾನಿಸಿದ ಈ ಹಟ ಅಪರೂಪ. ಮದ್ದು ಕೆಲಸ ಮಾಡಿತಲ್ಲ, ಇನ್ನೇನು ಬೇಕು ಎನ್ನುವುದು ರೈತನ ಮಾತಾದರೆ ಸರಿ. ಸಂಶೋಧಕನೂ ಅದನ್ನೇ ಹೇಳತೊಡಗಿದರೆ ಕಷ್ಟ.

ಈ ಅಳತೆಗೋಲನ್ನು ಹಿಡಿದು ನಮ್ಮ ಕಡೆ ಬರೋಣ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಿಂದ ಕೆಲಸ ಮಾಡುತ್ತಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಬೆಳೆಸಿದ ಮುಖ್ಯ ವಿಚಾರಗಳಲ್ಲಿ ಒಂದು, ಪ್ರದೇಶಕ್ಕೆ ತಕ್ಕ ಲವಣ ಮಿಶ್ರಣ. ಆಯಾ ಸೀಮೆಯ ಮಣ್ಣು, ಮೇವು, ದನದ ರಕ್ತವನ್ನು ಪರೀಕ್ಷಿಸಿ, ಅಲ್ಲಿ ಯಾವುದು ಕಡಿಮೆಯೋ ಅದನ್ನು ಮಾತ್ರ ಸೇರಿಸುವುದು, ಧಾರಾಳವಾಗಿರುವುದನ್ನು ಬಿಡುವುದು. ಯೋಚನೆ ಬಹಳ ಒಳ್ಳೆಯದು, ಮುಖ್ಯವಾಗಿ ಬಿಡುವ ಭಾಗ. ಮಲೆನಾಡು, ಕರಾವಳಿಯ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಬೆಳೆದ ಹುಲ್ಲಿಗೆ ಕಬ್ಬಿಣದ ಬರವಿಲ್ಲ. ಅದರ ಮೇಲೆ ಪೊಟ್ಟಣದ ಕಬ್ಬಿಣವನ್ನೂ ಸುರಿದರೆ ದನ ತಾಮ್ರವನ್ನು ಹೀರಿಕೊಳ್ಳುವುದಕ್ಕೆ ಅಡ್ಡಿ. ಕೋಲಾರ, ತುಮಕೂರಿನ ಹಸು ತಿನ್ನುವ ರಾಗಿ ಹುಲ್ಲಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿಯೇ ಇದೆ. ನೀರಾವರಿ ಸೀಮೆಯ ಭತ್ತದ ಹುಲ್ಲಿನಲ್ಲಿ ಅದು ಕಡಿಮೆ, ಇರುವುದನ್ನೂ ಆಕ್ಸಲೇಟ್ ಕಟ್ಟಿಹಾಕುತ್ತದೆ. ಈ ಎರಡು ಕೊಟ್ಟಿಗೆಗೂ ಒಂದೇ ಪೊಟ್ಟಣ ಮಾರುವುದರಲ್ಲಿ ಅರ್ಥವಿಲ್ಲ ಎಂದು ಹೇಳಲು ಒಂದು ಸಂಸ್ಥೆ ಬೇಕಿತ್ತು, ಹೇಳಿತು.

ನನ್ನ ತಕರಾರು ಇರುವುದು, ಈ ವಿಚಾರದ ಸುತ್ತ ದೇಶದಾದ್ಯಂತ ಬೆಳೆದುಕೊಂಡ ಸಮೀಕ್ಷೆಗಳ ರಾಶಿಯ ಬಗ್ಗೆ. ಪಶುವೈದ್ಯಕೀಯ ಕಾಲೇಜುಗಳ ಪ್ರಬಂಧಗಳಲ್ಲಿ ಇದು ಅಚ್ಚು ಹಾಕಿದಂಥ ಮಾದರಿ. ತಾಲ್ಲೂಕಿನ ಕೆಲವು ಹಳ್ಳಿಗಳಿಂದ ಹುಲ್ಲು, ಹಿಂಡಿ, ರಕ್ತ ತಂದು, ಯಂತ್ರಕ್ಕೆ ಕೊಟ್ಟು, ಬಂದ ಅಂಕಿಯನ್ನು ಪುಸ್ತಕದ ಕನಿಷ್ಠ ಮಟ್ಟದ ಜೊತೆ ಹೋಲಿಸಿ, ಇಷ್ಟು ಶೇಕಡಾ ದನಗಳಿಗೆ ಇಂಥದರ ಕೊರತೆ ಎಂದು ಬರೆದು ಮುಗಿಸುವುದು. ರಕ್ತ ಅಷ್ಟು ನಂಬಿಕಸ್ತ ಸಾಕ್ಷಿಯಲ್ಲ. ರಕ್ತದ ಕ್ಯಾಲ್ಸಿಯಂ ಇಳಿಯದಂತೆ ಹಾರ್ಮೋನುಗಳು ಮೂಳೆಯಿಂದ ತೆಗೆದು ತುಂಬಿಸುತ್ತಿರುತ್ತವೆ. ಹಸು ಮೂಳೆ ಸವೆಸುತ್ತಿದ್ದರೂ ವರದಿಯಲ್ಲಿ ಎಲ್ಲ ಸರಿ ಎಂದೇ ಕಾಣುತ್ತದೆ. ತಾಮ್ರದ ದಾಸ್ತಾನು ಇರುವುದು ಪಿತ್ತಜನಕಾಂಗದಲ್ಲಿ. ಅದು ಬರಿದಾಗುವವರೆಗೆ ರಕ್ತ ಬಾಯಿ ಬಿಡುವುದಿಲ್ಲ. ಸತುವು ಜ್ವರ ಬಂದರೆ, ಕೆಚ್ಚಲು ಬಾವಾದರೆ ತಾನಾಗಿ ಇಳಿಯುತ್ತದೆ. ಮೇವಿನ ಅಂಕಿಯೂ ಒಂಟಿಯಾಗಿ ನಿಂತರೆ ದಾರಿ ತಪ್ಪಿಸುತ್ತದೆ. ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ದನಗಳು ಭೇದಿಯಾಗಿ ಸೊರಗುತ್ತಿದ್ದ ಹುಲ್ಲುಗಾವಲುಗಳಲ್ಲಿ ತಾಮ್ರ ಕಡಿಮೆಯೇನೂ ಇರಲಿಲ್ಲ. ಮಾಲಿಬ್ಡಿನಂ ಹೆಚ್ಚಾಗಿತ್ತು, ಅದು ತಾಮ್ರವನ್ನು ದಕ್ಕಗೊಡುತ್ತಿರಲಿಲ್ಲ. 1938ರಲ್ಲೇ ತಿಳಿದ ಸಂಗತಿ ಇದು. ಮಾಲಿಬ್ಡಿನಂ, ಗಂಧಕಗಳನ್ನು ಅಳೆಯದೆ ತಾಮ್ರವೊಂದನ್ನೇ ಅಳೆದು ಕೊರತೆಯ ನಕಾಶೆ ಬರೆಯುವುದನ್ನು ನಾವು ಇನ್ನೂ ಬಿಟ್ಟಿಲ್ಲ.

ಕೊರತೆ ಇದೆಯೆಂಬುದಕ್ಕೆ ಕೊನೆಯ ಪುರಾವೆ ಒಂದೇ: ಕೊಟ್ಟಾಗ ಪ್ರಾಣಿ ಸುಧಾರಿಸಬೇಕು, ಅದೇ ಕೊಟ್ಟಿಗೆಯ, ಅದೇ ಮೇವಿನ, ಕೊಡದ ಪ್ರಾಣಿ ಸುಧಾರಿಸಬಾರದು. ಮಿಶ್ರಣ ತಿನ್ನಿಸಿದ ಮೇಲೆ ಇಷ್ಟು ಹಸುಗಳು ಬೆದೆಗೆ ಬಂದವು, ಇಷ್ಟು ಗಬ್ಬ ನಿಂತವು ಎನ್ನುವ ವರದಿಗಳಲ್ಲಿ ಎಷ್ಟೋ ಸಲ ಈ ಎರಡನೆಯ ಅರ್ಧವೇ ಇರುವುದಿಲ್ಲ. ಮಿಶ್ರಣದ ಜೊತೆ ಜಂತುನಾಶಕವನ್ನೂ ಕೊಟ್ಟಿರುತ್ತಾರೆ. ಅಷ್ಟರಲ್ಲಿ ಮಳೆ ಬಂದು ಹಸಿ ಹುಲ್ಲೂ ಚಿಗುರಿರುತ್ತದೆ. ಶ್ರೇಯಸ್ಸು ಮಾತ್ರ ಪೊಟ್ಟಣದ್ದು.

ಪೊಟ್ಟಣವನ್ನೇ ಹತ್ತಿರದಿಂದ ನೋಡಿ. ಭಾರತೀಯ ಮಾನಕ ಬ್ಯೂರೋದ ಮಾನದಂಡದಂತೆ ಅದರಲ್ಲಿ ಕ್ಯಾಲ್ಸಿಯಂ ಶೇ. 20, ರಂಜಕ ಶೇ. 12 ಇರಬೇಕು. ದಿನಕ್ಕೆ 50 ಗ್ರಾಂ ಹಾಕಿದರೆ ಸಿಗುವ ಕ್ಯಾಲ್ಸಿಯಂ 10 ಗ್ರಾಂ. ಅದರಲ್ಲಿ ಕರುಳು ಹೀರಿಕೊಳ್ಳುವುದು ಅರ್ಧವೋ ಇನ್ನೂ ಕಡಿಮೆಯೋ. ದಿನಕ್ಕೆ 10 ಲೀಟರ್ ಕೊಡುವ ಹಸು ಹಾಲಿನಲ್ಲೇ ಸುಮಾರು 12 ಗ್ರಾಂ ಕ್ಯಾಲ್ಸಿಯಂ ಹೊರಹಾಕುತ್ತದೆ. ಅಂದರೆ ಕ್ಯಾಲ್ಸಿಯಂ ಮಟ್ಟಿಗೆ ಈ ಪುಡಿ ಮೇವಿಗೆ ಪೂರಕವೇ ಹೊರತು ಬದಲಿಯಲ್ಲ. ಹುರುಳಿ ಹೊಟ್ಟೋ ಕುದುರೆ ಮಸಾಲೆ ಸೊಪ್ಪೋ ಇಲ್ಲದ ಭತ್ತದ ಹುಲ್ಲಿನ ಕೊಟ್ಟಿಗೆಯಲ್ಲಿ ಪೊಟ್ಟಣ ಎಷ್ಟು ಜಾದೂ ಮಾಡೀತು?

ಇನ್ನು ಕ್ಯಾಲ್ಸಿಯಂ ಬಾಟಲಿ. ಈದ ಹೊತ್ತಿಗೆ ರಕ್ತದ ಕ್ಯಾಲ್ಸಿಯಂ ಕುಸಿದು ಬರುವ ಹಾಲುಜ್ವರವನ್ನು ತಪ್ಪಿಸಲೆಂದು ಗಬ್ಬದ ಕೊನೆಯ ತಿಂಗಳಲ್ಲಿ ಹಸುವಿಗೆ ಬಣ್ಣದ ಕ್ಯಾಲ್ಸಿಯಂ ದ್ರಾವಣ ಕುಡಿಸುವುದು ಎಚ್‌ಎಫ್, ಜೆರ್ಸಿ ಮಿಶ್ರತಳಿ ಕಟ್ಟಿದ ಎಷ್ಟೋ ಮನೆಗಳಲ್ಲಿ ನಿಷ್ಠೆಯಿಂದ ನಡೆಯುತ್ತದೆ. (ಮಲೆನಾಡು ಗಿಡ್ಡ ಸಾಕಿದವರಿಗೆ ಈ ಚಿಂತೆಯಿಲ್ಲ, ಅದು ಕೊಡುವ ಹಾಲಿಗೆ ಹಾಲುಜ್ವರ ಬರುವುದು ಅಪರೂಪ.) ಈದ ದಿನ 10 ಲೀಟರ್ ಗಿಣ್ಣುಹಾಲಿನಲ್ಲಿ 23 ಗ್ರಾಂನಷ್ಟು ಕ್ಯಾಲ್ಸಿಯಂ ಹೋಗುತ್ತದೆ, ಹಸುವಿನ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವುದು ಮೂರು ನಾಲ್ಕು ಗ್ರಾಂ. ಹಾಗಾಗಿ ಮೊದಲೇ ತುಂಬಿಡೋಣ ಎನ್ನುವುದು ಸಹಜವಾದ ತರ್ಕ. ಸಂಶೋಧನೆ ಹೇಳುವುದು ತದ್ವಿರುದ್ಧ. ಕ್ಯಾಲಿಫೋರ್ನಿಯಾದ ಬೋಡ ಮತ್ತು ಕೋಲ್ 1954ರಲ್ಲೇ ತೋರಿಸಿದ ಪ್ರಕಾರ, ಈಯುವ ಮುಂಚಿನ ವಾರಗಳಲ್ಲಿ ಕ್ಯಾಲ್ಸಿಯಂ ಬಿಗಿಯಾಗಿ ಕೊಟ್ಟ ಹಸುಗಳು ಹಾಲುಜ್ವರದಿಂದ ಪಾರಾಗುತ್ತವೆ. ಸುಲಭವಾಗಿ ಸಿಗುತ್ತಿದ್ದರೆ ಮೂಳೆಯಿಂದ ತೆಗೆಯುವ ಹಾರ್ಮೋನು ವ್ಯವಸ್ಥೆ ಮಲಗಿರುತ್ತದೆ, ಈದ ದಿನ ಅದು ಎದ್ದೇಳುವಷ್ಟರಲ್ಲಿ ಹಸು ಕುಸಿದಿರುತ್ತದೆ. 1970ರ ದಶಕದ ಆರಂಭದಲ್ಲಿ ನಾರ್ವೆಯ ಕೆಲಸ ಇನ್ನೊಂದು ಎಳೆ ಸೇರಿಸಿತು: ಪೊಟ್ಯಾಸಿಯಂ ಹೆಚ್ಚಿರುವ ಮೇವು ರಕ್ತವನ್ನು ಕ್ಷಾರದ ಕಡೆಗೆ ಎಳೆಯುತ್ತದೆ, ಆಗ ಮೂಳೆ ಹಾರ್ಮೋನಿನ ಮಾತು ಸರಿಯಾಗಿ ಕೇಳುವುದಿಲ್ಲ. ಬಾಟಲಿ ಬೇಕಾದದ್ದು ಈದ ಹೊತ್ತಿಗೆ ಮತ್ತು ಆಮೇಲೆ. ಇಷ್ಟು ಹಳೆಯದಾದ, ಇಷ್ಟು ಗಟ್ಟಿಯಾದ ತಿಳಿವಳಿಕೆ ಔಷಧಿ ಅಂಗಡಿಯ ಕೌಂಟರ್ ದಾಟಿ ಕೊಟ್ಟಿಗೆಗೆ ಹೋಗಿಲ್ಲ ಎನ್ನುವುದು ಸಂಶೋಧನೆಯ ಸೋಲಲ್ಲ, ವಿಸ್ತರಣಾ ಇಲಾಖೆಗಳದ್ದು.

ಹಾಕಿದರೆ ನಷ್ಟವೇನಿಲ್ಲವಲ್ಲ ಎಂಬ ಮಾತು ಡೈರಿಯ ಜಗಲಿಯಲ್ಲಿ ಕೇಳುತ್ತಲೇ ಇರುತ್ತದೆ. ಇದೆ. ದನಕ್ಕೆಂದು ತಯಾರಾದ ಮಿಶ್ರಣವನ್ನು ಕುರಿಗೂ ತಿನ್ನಿಸುತ್ತ ಹೋದರೆ ತಾಮ್ರ ಅದರ ಪಿತ್ತಜನಕಾಂಗದಲ್ಲಿ ಕೂಡಿಕೊಳ್ಳುತ್ತದೆ, ಒಂದು ದಿನ ಒಮ್ಮೆಲೇ ರಕ್ತಕ್ಕೆ ನುಗ್ಗಿ ಕೊಲ್ಲುತ್ತದೆ. ಸೆಲೆನಿಯಂ ಅಂತೂ 1957ರಲ್ಲಿ ಶ್ವಾರ್ಟ್ಸ್ ಮತ್ತು ಫೋಲ್ಟ್ಸ್ ಅದನ್ನು ಪೋಷಕಾಂಶವೆಂದು ತೋರಿಸುವವರೆಗೂ ವಿಷವೆಂದೇ ಹೆಸರಾಗಿತ್ತು. ಫಿನ್ಲೆಂಡ್ 1980ರ ದಶಕದಲ್ಲಿ ಅದನ್ನು ಗೊಬ್ಬರದ ಮೂಲಕ ಹೊಲಕ್ಕೇ ಸೇರಿಸಿತು. ಪಂಜಾಬಿನ ಹೋಶಿಯಾರ್‌ಪುರ, ನವಾನ್‌ಶಹರ್ ಕಡೆ ಅದೇ ಸೆಲೆನಿಯಂ ಮಣ್ಣಿನಲ್ಲೇ ಅತಿಯಾಗಿ ದನಗಳ ಗೊರಸು ಕೊಂಬುಗಳನ್ನು ಕೆಡಿಸುತ್ತದೆ.

ಕರ್ನಾಟಕದಲ್ಲಿ ಸರಿಯಾದ ಪ್ರಯೋಗಕ್ಕೆ ಬೇಕಾದದ್ದೆಲ್ಲ ಸಿದ್ಧವಿದೆ. ಹಳ್ಳಿ ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ದಿನದಿನದ ಹಾಲಿನ ಲೆಕ್ಕವಿದೆ, ಕೃತಕ ಗರ್ಭಧಾರಣೆಯ ತಾರೀಕುಗಳಿವೆ, ಪೊಟ್ಟಣ ಹಂಚುವ ಜಾಲವಿದೆ. ಒಂದೇ ಊರಿನ ಅರ್ಧ ಹಸುಗಳಿಗೆ ಆ ಸೀಮೆಯ ಮಿಶ್ರಣ, ಇನ್ನರ್ಧಕ್ಕೆ ಬರೀ ಉಪ್ಪು, ಯಾವುದು ಯಾರ ಪಾಲಿಗೆ ಎಂಬುದು ಚೀಟಿ ಎತ್ತಿ. ಜಂತುನಾಶಕ ಎಲ್ಲಕ್ಕೂ ಒಂದೇ ದಿನ. ಒಂದು ಈತದಿಂದ ಮುಂದಿನ ಈತದವರೆಗೆ ಕಾದರೆ ಸಾಕು. ಹತ್ತು ಊರಿನ ರಕ್ತದ ಸೀಸೆಗಳನ್ನು ತಂದು ಅಳೆಯುವುದಕ್ಕಿಂತ ಇದು ನಿಧಾನ. ಎರಡು ವರ್ಷದ ಸ್ನಾತಕೋತ್ತರ ಪದವಿಯ ಅವಧಿಗೆ ಇದನ್ನು ತುರುಕಲೂ ಆಗುವುದಿಲ್ಲ. ಸಮೀಕ್ಷೆಗಳು ಇಷ್ಟೊಂದು, ಪ್ರಯೋಗಗಳು ಇಷ್ಟೇ ಇಷ್ಟು ಇರುವುದಕ್ಕೆ ಇದೇ ದೊಡ್ಡ ಕಾರಣ ಇರಬೇಕು.